ನಕ್ಷೆಯಿಲ್ಲದೆ ಓಡುವ ಗಾಡಿ: ಗ್ರಹಿಕೆ, ಬುದ್ಧಿ ಮತ್ತು ನನ್ನ ಅನುಭವ

ಯಂತ್ರಕ್ಕೆ ಕಣ್ಣು ಕೊಡಲು ಹೊರಟವರು ಸಾಮಾನ್ಯವಾಗಿ ಹಿಡಿಯುವ ಕ್ರಮ ಒಂದೇ. ಮೊದಲು ನೋಡಬೇಕು, ಆಮೇಲೆ ಯೋಚಿಸಬೇಕು, ಕೊನೆಗೆ ಚಲಿಸಬೇಕು. ಕ್ಯಾಮೆರಾದ ಚಿತ್ರದಿಂದ ಸುತ್ತಲಿನ ನಕ್ಷೆ ಕಟ್ಟಿ, ಅದರಲ್ಲಿ ದಾರಿ ಹುಡುಕಿ, ಮೋಟಾರಿಗೆ ಆಜ್ಞೆ ಕಳಿಸುವುದು. 1966ರಿಂದ 1972ರವರೆಗೆ ಅಮೆರಿಕದಲ್ಲಿ ಬೆಳೆದ ‘ಶೇಕಿ’ ಎಂಬ ರೋಬೋ ಕೆಲಸ ಮಾಡಿದ್ದೂ ಹೀಗೆಯೇ. ಎರಡು ಚಕ್ರದ ನನ್ನ ಪುಟ್ಟ ಗಾಡಿಗೆ ನಾನು ಬೇರೆ ದಾರಿ ಆರಿಸಿಕೊಂಡೆ. ಆ ದಾರಿ ಜೇನುನೊಣದ್ದು.

ಜೇನಿನ ಮಿದುಳಿನಲ್ಲಿ ಸುಮಾರು ಹತ್ತು ಲಕ್ಷ ನರಕೋಶಗಳಿವೆ. ನಮ್ಮದರಲ್ಲಿ ಸುಮಾರು 8,600 ಕೋಟಿ. ಜೇನಿನ ಎರಡು ಕಣ್ಣುಗಳ ನಡುವೆ ಇರುವ ಅಂತರ ತೀರಾ ಕಡಿಮೆ. ಹಾಗಾಗಿ ಎರಡೂ ಕಣ್ಣಿನ ಚಿತ್ರ ಹೋಲಿಸಿ ದೂರ ತಿಳಿಯುವ ನಮ್ಮ ಉಪಾಯ ಅದಕ್ಕೆ ಒದಗುವುದಿಲ್ಲ. ಆದರೂ ಇಕ್ಕಟ್ಟಿನ ಸಂದಿಯಲ್ಲಿ ಅದು ನಟ್ಟನಡುವೆ ಹಾರಿಹೋಗುತ್ತದೆ. ವಿಜ್ಞಾನಿ ಎಂ.ವಿ. ಶ್ರೀನಿವಾಸನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ ರೀತಿ ನನಗೆ ಬಹಳ ಇಷ್ಟ. ಜೇನು ಹಾರುವ ಸಂದಿಯ ಎರಡೂ ಗೋಡೆಗೆ ಮೇಲಿನಿಂದ ಕೆಳಕ್ಕೆ ಪಟ್ಟೆ ಹಾಕಿ, ಒಂದು ಗೋಡೆಯ ಪಟ್ಟೆಗಳನ್ನು ಜೇನು ಹೋಗುವ ದಿಕ್ಕಿಗೇ ಸರಿಸಿದರು. ಆ ಬದಿಯ ದೃಶ್ಯ ನಿಧಾನವಾಗಿ ಓಡಿದಂತೆ ಕಂಡು ಜೇನು ಆ ಗೋಡೆಯ ಕಡೆಗೆ ವಾಲಿತು. ಅಂದರೆ ಅದು ದೂರ ಅಳೆಯುತ್ತಿರಲಿಲ್ಲ. ಎಡಗಣ್ಣಿನ ಮುಂದೆ ದೃಶ್ಯ ಓಡುವ ವೇಗವನ್ನೂ ಬಲಗಣ್ಣಿನದನ್ನೂ ಸರಿದೂಗಿಸುತ್ತಿತ್ತು, ಅಷ್ಟೆ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಕಂಬ ಸರ್ರನೆ ಹಿಂದೆ ಹೋಗಿ ದೂರದ ಗುಡ್ಡ ನಿಧಾನವಾಗಿ ಸರಿಯುವುದನ್ನು ನೆನೆದರೆ ಇದರ ಒಳಗುಟ್ಟು ತಿಳಿಯುತ್ತದೆ.

ನಾನು ಮಾಡಿದ್ದು ಇದನ್ನೇ. ಗಾಡಿಯ ಎರಡೂ ಬದಿಗೆ ಒಂದೊಂದು ಅಗ್ಗದ ಕ್ಯಾಮೆರಾ, ಕಡಿಮೆ ರೆಸಲ್ಯೂಷನ್ನಿನದು. ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಚಿತ್ರ ಎಷ್ಟು ಸರಿಯಿತು ಎಂಬುದನ್ನು ಮಾತ್ರ ಲೆಕ್ಕ ಹಾಕಿಸಿದೆ. ಎಡದ ದೃಶ್ಯ ವೇಗವಾಗಿ ಓಡಿದರೆ ಎಡಗೋಡೆ ಹತ್ತಿರವಿದೆ, ಬಲಕ್ಕೆ ತಿರುಗು. ಬಲದ್ದು ವೇಗವಾದರೆ ಎಡಕ್ಕೆ. ಎರಡೂ ಬದಿಯ ವೇಗದ ಮೊತ್ತ ಒಂದೇ ಮಟ್ಟದಲ್ಲಿರುವ ಹಾಗೆ ಮೋಟಾರು ಓಡಿಸು. ಈ ಎರಡನೆಯ ನಿಯಮದ ಫಲ ನೋಡಿ ನನಗೆ ಬಹಳ ಖುಷಿಯಾಯಿತು. ದಾರಿ ಕಿರಿದಾದಲ್ಲಿ ಗಾಡಿ ತಾನಾಗಿ ನಿಧಾನಿಸಿತು, ಅಗಲವಾದಲ್ಲಿ ವೇಗ ಹಿಡಿಯಿತು. ‘ಕಿರಿದು’, ‘ಅಗಲ’ ಎಂಬ ಮಾತೇ ಪ್ರೋಗ್ರಾಮಿನಲ್ಲಿ ಎಲ್ಲೂ ಇರಲಿಲ್ಲ.

ಕಷ್ಟವಾದದ್ದು ತಿರುವಿನಲ್ಲಿ. ಗಾಡಿ ತಿರುಗುವಾಗ ಇಡೀ ದೃಶ್ಯವೇ ಸರಿಯುತ್ತದೆ, ಹತ್ತಿರದ್ದು ದೂರದ್ದು ಎಂಬ ಭೇದವಿಲ್ಲದೆ. ಆ ಹೊತ್ತಿನ ಸರಿತದಿಂದ ದೂರದ ಸುಳಿವು ಸಿಗುವುದಿಲ್ಲ. ತಿರುಗುವ ವೇಗ ಅಳೆಯುವ ಗೈರೋ ಸೆನ್ಸರ್ ಹಾಕಿ ತಿರುಗುವಿಕೆಯ ಪಾಲನ್ನು ಕಳೆಯಬಹುದು. ಆದರೆ ನೊಣ ಹಾರುವ ಬಗೆ ಇದಕ್ಕಿಂತ ಚೊಕ್ಕ. ಅದು ಥಟ್ಟನೆ ತಿರುಗುತ್ತದೆ, ಆಮೇಲೆ ಸ್ವಲ್ಪ ದೂರ ನೇರ ಹಾರುತ್ತದೆ, ಮತ್ತೆ ಥಟ್ಟನೆ ತಿರುಗುತ್ತದೆ. ನೇರ ಹಾರುವ ತುಣುಕುಗಳಲ್ಲಿ ಕಣ್ಣಿಗೆ ಬೀಳುವ ಸರಿತವೆಲ್ಲ ದೂರದ ಮಾಹಿತಿಯೇ. ನಾನೂ ಗಾಡಿಯನ್ನು ಹಾಗೆಯೇ ಓಡಿಸಿದೆ. ತಿರುಗುವ ಕ್ಷಣದ ಫ್ರೇಮುಗಳನ್ನು ಬಿಟ್ಟು, ನೇರ ಓಟದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ಲೆಕ್ಕಾಚಾರದ ಭಾರ ಇಳಿಯಿತು, ಓಟ ಹದಕ್ಕೆ ಬಂತು. ಚೆನ್ನಾಗಿ ಕಾಣಬೇಕೆಂದರೆ ಅದಕ್ಕೆ ತಕ್ಕಂತೆ ಚಲಿಸಬೇಕು ಎಂಬುದು ನನಗೆ ಕೈಯಾರೆ ತಿಳಿದದ್ದು ಇಲ್ಲಿ.

ಬರೀ ಬಿಳಿ ಗೋಡೆಯ ಮುಂದೆ ಈ ಗಾಡಿ ಕುರುಡು. ಗೋಡೆಗೆ ಓಟದ ದಿಕ್ಕಿನಲ್ಲೇ ಅಡ್ಡಪಟ್ಟೆ ಹಾಕಿದರೂ ಅಷ್ಟೆ, ಏನು ಸರಿಯಿತು ಎಂದು ತಿಳಿಯಲು ಗುರುತೇ ಇರುವುದಿಲ್ಲ. ಅಂಥ ಪಟ್ಟೆಯ ಮುಂದೆ ಜೇನಿಗೂ ಈ ಸುಳಿವು ಸಿಗುವುದಿಲ್ಲ.

ಲಕ್ಷಾಂತರ ಫೋಟೋ ತೋರಿಸಿ ಕಲಿಸಿದ ನ್ಯೂರಲ್ ನೆಟ್‌ವರ್ಕುಗಳ ಜೊತೆಗೂ ಕೆಲಸ ಮಾಡುತ್ತೇನೆ. ವಸ್ತುಗಳನ್ನು ಗುರುತಿಸುವುದರಲ್ಲಿ ಅವುಗಳ ಸಾಮರ್ಥ್ಯ ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮ ಹೊದಿಸಿದ ಚಿತ್ರ ಕೊಟ್ಟಾಗ ಅಂಥ ಕೆಲವು ನೆಟ್‌ವರ್ಕುಗಳು ‘ಆನೆ’ ಎಂದದ್ದು ಸಂಶೋಧನೆಯಲ್ಲಿ ದಾಖಲಾಗಿದೆ. ಮನುಷ್ಯರು ಬೆಕ್ಕು ಎನ್ನುತ್ತಾರೆ. ಅವು ಯಾವ ಬೆಕ್ಕಿನ ಸುತ್ತಲೂ ನಡೆದು ನೋಡಿದವಲ್ಲ. ಇಲ್ಲಿ ನನಗೆ ನೆನಪಾಗುವುದು ಮನೋವಿಜ್ಞಾನಿಗಳಾದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ 1963ರಲ್ಲಿ ಪ್ರಕಟಿಸಿದ ಪ್ರಯೋಗ. ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿಯಾಗಿ ಒಂದು ತಿರುಗಣೆಗೆ ಕಟ್ಟುತ್ತಿದ್ದರು. ಒಂದು ಮರಿ ತಾನೇ ನಡೆಯುತ್ತಿತ್ತು. ಇನ್ನೊಂದು ತೊಟ್ಟಿಲಲ್ಲಿ ಕುಳಿತು, ಮೊದಲನೆಯದು ಎಳೆದತ್ತ ಸಾಗುತ್ತಿತ್ತು. ಇಬ್ಬರ ಕಣ್ಣಿಗೂ ಬಿದ್ದ ದೃಶ್ಯ ಹೆಚ್ಚುಕಡಿಮೆ ಒಂದೇ. ನಡೆದ ಮರಿ ಮೇಲ್ಮೈ ಹತ್ತಿರ ಬಂದಾಗ ಪಂಜ ಚಾಚಿತು, ಆಳ ಕಂಡಲ್ಲಿ ಹಿಂಜರಿಯಿತು. ಕುಳಿತು ನೋಡಿದ ಮರಿಗೆ ಅದು ಆಗಲಿಲ್ಲ. ಬಿಟ್ಟು ಓಡಾಡಲು ಅವಕಾಶ ಸಿಕ್ಕ ಮೇಲೆ ಅದೂ ಕಲಿಯಿತು.

ಈ ದಾರಿಯಲ್ಲಿ ಕೈಯಾಡಿಸಬಯಸುವವರಿಗೆ ನನ್ನ ಸಲಹೆ, ಒಳ್ಳೆಯ ಕ್ಯಾಮೆರಾ ಹುಡುಕುವ ಮೊದಲು ನಿಮ್ಮ ಯಂತ್ರ ಹೇಗೆ ಚಲಿಸುತ್ತದೆ ಎಂಬುದನ್ನು ಗಟ್ಟಿಮಾಡಿಕೊಳ್ಳಿ. ಟ್ಯೂಬ್‌ಲೈಟ್ ಮಿನುಗಿನ ಬಗ್ಗೆಯೂ ಎಚ್ಚರವಿರಲಿ, ಅದು ಚಿತ್ರದಲ್ಲಿ ಪಟ್ಟೆ ಮೂಡಿಸಿ ಇಲ್ಲದ ಓಟವನ್ನು ತೋರಿಸುತ್ತದೆ.

ನನ್ನ ಗಾಡಿಗೆ ಇನ್ನೂ ಇಲ್ಲದಿರುವುದು ‘ಬೇಕು’ ಎಂಬುದು. ಮಿದುಳಿನ ವಿಜ್ಞಾನಿ ಗ್ರೇ ವಾಲ್ಟರ್ 1940ರ ದಶಕದ ಕೊನೆಯಲ್ಲಿ ಕಟ್ಟಿದ ಯಂತ್ರದ ಆಮೆಗಳು ಬ್ಯಾಟರಿ ಇಳಿದಾಗ ದೀಪವಿದ್ದ ತಮ್ಮ ಗೂಡಿಗೆ ಮರಳುತ್ತಿದ್ದವು. ಚಾರ್ಜ್ ತುಂಬಿದ್ದಾಗ ಅದೇ ಪ್ರಖರ ಬೆಳಕಿನಿಂದ ದೂರ ಸರಿಯುತ್ತಿದ್ದವು. ಹಸಿವು ಬದಲಾದರೆ ಕಣ್ಣಿಗೆ ಕಂಡದ್ದರ ಅರ್ಥವೂ ಬದಲಾಗುತ್ತದೆ. ಈಗ ನನ್ನ ಗಾಡಿಯ ಬ್ಯಾಟರಿ ಮಟ್ಟವನ್ನು ಅದರ ನೋಟದ ಲೆಕ್ಕಕ್ಕೆ ಜೋಡಿಸುತ್ತಿದ್ದೇನೆ.