ಮುಗಿದ ಲೆಕ್ಕವೇ ಮತ್ತೆ ಬರುತ್ತಿತ್ತು: ನನ್ನ ಅನುಭವ

ಪುಣೆಯ ಕೋಥ್ರೂಡ್‌ನಲ್ಲಿ ನಾನು, ಬೆಳಗಾವಿಯಲ್ಲಿ ಅಣ್ಣ. ಇಬ್ಬರೂ ಸೇರಿ ದೊಡ್ಡ ಪ್ರಾತ್ ಅವಿಭಾಜ್ಯ ಸಂಖ್ಯೆ ಹುಡುಕುತ್ತಿದ್ದೇವೆ. ಚಿಕ್ಕ ಬೆಸಸಂಖ್ಯೆಯನ್ನು 2ರ ದೊಡ್ಡ ಘಾತದಿಂದ ಗುಣಿಸಿ 1 ಕೂಡಿಸಿದರೆ ಬರುವ ಸಂಖ್ಯೆಗಳಲ್ಲಿ ಅವಿಭಾಜ್ಯವಾದವು ಇವು. ಮೊದಲು ಜರಡಿ ಹಿಡಿದು, ಸಣ್ಣ ಅಪವರ್ತನ ಸಿಕ್ಕವನ್ನು ತೆಗೆಯುತ್ತೇವೆ. ಉಳಿದವಕ್ಕೆ ಮಾತ್ರ ಪೂರ್ತಿ ಪರೀಕ್ಷೆ.

ಹೋದ ತಿಂಗಳು ನೋಡಿದರೆ, ಅಣ್ಣ ಮುಗಿಸಿದ್ದನ್ನೇ ನನ್ನ ಹಳೆ ಡೆಸ್ಕ್‌ಟಾಪ್ ಮತ್ತೆ ಮಾಡುತ್ತಿತ್ತು. ಒಂದೊಂದಕ್ಕೆ 3 ತಾಸು! ತುಂಬಾ ಬೇಜಾರಾಯಿತು. ಬಾಕಿ ಪಟ್ಟಿಯಿಂದ ಮುಗಿದದ್ದನ್ನು ಕಳೆಯುವ ಸ್ಕ್ರಿಪ್ಟ್ ಸರಿಯಾಗೇ ಇತ್ತು. ಆದರೂ ಒಂದು ಸಾಲೂ ಕಡಿಮೆಯಾಗುತ್ತಿರಲಿಲ್ಲ.

ಎರಡು ಸಂಜೆ ಸುಮ್ನೆ ಸ್ಕ್ರಿಪ್ಟನ್ನೇ ತಿದ್ದುತ್ತಾ ಕೂತೆ. ಕೊನೆಗೆ ಅಣ್ಣ ಕಳಿಸಿದ ಮುಗಿದ ಪಟ್ಟಿಯ ಫೈಲನ್ನು, ಕಾಣದ ಅಕ್ಷರಗಳನ್ನೂ ತೋರಿಸುವಂತೆ ತೆರೆದೆ. ಅಣ್ಣನದು ವಿಂಡೋಸ್, ನನ್ನದು ಲಿನಕ್ಸ್. ಅವನ ಫೈಲಿನಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಅಕ್ಷರ ಜಾಸ್ತಿ. ಎರಡೂ ಕಡೆ 2ರ ಘಾತ 3203456 ಅಂತಲೇ ಕಂಡರೂ ಕಂಪ್ಯೂಟರ್‌ಗೆ ಅವು ಬೇರೆ ಬೇರೆ, ಅಲ್ವಾ?

'ಡಾಸ್‌ಟುಯುನಿಕ್ಸ್' ಅನ್ನೋ ಪ್ರೋಗ್ರಾಂ ಓಡಿಸಿ ಆ ಅಕ್ಷರ ತೆಗೆದೆ. ಎರಡೂ ಪಟ್ಟಿಗಳನ್ನು ಒಂದೇ ಕ್ರಮದಲ್ಲಿ ಸಾರ್ಟ್ ಮಾಡಿದೆ, ಆಮೇಲೆ ಕಳೆದೆ. ಈ ಸಲ ಸಾಲುಗಳು ಇಳಿದವು. ಕಳೆಯುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸಾಲು ಎಣಿಸಿ ತಾಳೆ ನೋಡುತ್ತೇನೆ. ಜರಡಿಯ ಮೂಲ ಫೈಲನ್ನಂತೂ ಯಾರೂ ತಿದ್ದದಂತೆ ಬೇರೆ ಇಟ್ಟಿದ್ದೇನೆ. ಫೋನ್ ಮಾಡಿ ಹೇಳಿದೆ: "ಅಣ್ಣಾ, ಇನ್ನು ನಿನ್ನ ಫೈಲು ಹಂಗೇ ಕಳಿಸು, ಇಲ್ಲಿ ನಾನು ಸರಿಮಾಡ್ಕೋತೀನಿ."