ಸೊನ್ನೆ ಬರಬೇಕಾದ ಕಡೆ ಒಂದೂವರೆ ಬಂತು

ಸ್ವಂತ ಬಲದಿಂದ ಓಡಾಡುವ ಕಣಗಳ ಸಿಮ್ಯುಲೇಷನ್‌ಗೆ ಕೈ ಹಾಕಿದಾಗ ನಾನು ಶುರು ಮಾಡಿದ್ದು 1995ರ ವಿಚೆಕ್ ಮಾದರಿಯಿಂದ. ಪ್ರತಿ ಕಣ ಅಕ್ಕಪಕ್ಕದ ಕಣಗಳ ಸರಾಸರಿ ದಿಕ್ಕು ಹಿಡಿಯುತ್ತದೆ, ಮೇಲೆ ಒಂದಿಷ್ಟು ನಾಯ್ಸ್ (ದಿಕ್ಕಿನಲ್ಲಿ ಗೊತ್ತುಗುರಿಯಿಲ್ಲದ ಏರುಪೇರು), ಅಷ್ಟೇ. ಆದರೆ ನನ್ನ ಮನಸ್ಸಿದ್ದದ್ದು ಆಕ್ಟಿವ್ ನೆಮ್ಯಾಟಿಕ್ ಮೇಲೆ. ಅಲ್ಲಿ ಕಣಗಳು ಕಡ್ಡಿಗಳ ಹಾಗೆ ಸಾಲಾಗುತ್ತವೆ, ಯಾವುದು ತಲೆ ಯಾವುದು ಬಾಲ ಅನ್ನೋ ಲೆಕ್ಕವಿಲ್ಲ. 2012ರಲ್ಲಿ ಡೋಜಿಕ್ ಅವರ ತಂಡ ಮೈಕ್ರೋಟ್ಯೂಬ್ಯೂಲ್ (ಜೀವಕೋಶದೊಳಗಿನ ಕೊಳವೆಯಂಥ ಎಳೆ) ಮತ್ತು ಅವನ್ನು ಸರಿಸುವ ಮೋಟರ್ ಪ್ರೋಟೀನ್ ಕೈನೆಸಿನ್‌ನಿಂದ ಮಾಡಿ ತೋರಿಸಿದ್ದು ಇಂಥದ್ದನ್ನೇ.

ಸಾಲು ಹೊಂದದೆ ಹೋಗುವ ಬಿಂದುಗಳೇ ಡಿಫೆಕ್ಟ್‌ಗಳು. ಇಲ್ಲಿ ಕಾಣುವುದು ಎರಡು ಬಗೆ: +1/2 ಧೂಮಕೇತುವಿನ ಹಾಗೆ ಕಾಣುತ್ತದೆ, -1/2 ಮೂರು ಮೂಲೆಯದ್ದು. ಸುತ್ತ ಒಂದು ಸುತ್ತು ಹಾಕಿ ಕಡ್ಡಿಯ ಕೋನ ಎಷ್ಟು ತಿರುಗಿತು ಅಂತ ಎಣಿಸಿದರೆ ಅದರ ಚಾರ್ಜ್, ಅಂದರೆ ಈ +1/2 ಅಥವಾ -1/2, ಸಿಗುತ್ತದೆ: ಅರ್ಧ ಸುತ್ತು ತಿರುಗಿದರೆ ಅರ್ಧ.

ನಾನು ಕಡ್ಡಿಗಳನ್ನು ಒಂದೊಂದಾಗಿ ಲೆಕ್ಕಿಸದೆ ಎಲ್ಲವನ್ನೂ ಒಂದು ದ್ರವ ಅಂತ ಹಿಡಿದು, ಅದರ ಸಮೀಕರಣಗಳನ್ನು ಗ್ರಿಡ್ ಮೇಲೆ ಓಡಿಸಿ, ಪ್ರತಿ ಚೌಕದ ಸುತ್ತ ಎಣಿಸಲು ಕೋಡ್ ಬರೆದೆ. ಚಿತ್ರದಲ್ಲಿ ಧೂಮಕೇತುಗಳು ಕಣ್ಣಿಗೆ ರಾಚುತ್ತಿವೆ, ಕೋಡ್ ಮಾತ್ರ ಒಂದೂ ಇಲ್ಲ ಅನ್ನುತ್ತಿದೆ! ಎರಡು ದಿನ ತಲೆ ಕೆಡಿಸಿಕೊಂಡೆ. ಕಡ್ಡಿಗೆ 0 ಡಿಗ್ರಿ, 180 ಡಿಗ್ರಿ ಎರಡೂ ಒಂದೇ ಅಲ್ವಾ, ಹಾಗಾಗಿ ಪಕ್ಕಪಕ್ಕದ ಕೋನಗಳ ವ್ಯತ್ಯಾಸವನ್ನು -90 ರಿಂದ 90 ರೊಳಗೆ ತರಬೇಕು. ನಾನು ಬಾಣಗಳಿಗೆ ಮಾಡುವ ಹಾಗೆ -180 ರಿಂದ 180 ರವರೆಗೆ ಬಿಟ್ಟಿದ್ದೆ. ಕೋನಗಳೆಲ್ಲ 0 ಯಿಂದ 180 ರೊಳಗೇ ಇದ್ದದ್ದರಿಂದ ಒಂದು ಸುತ್ತಿನ ಮೊತ್ತ ಪ್ರತಿ ಸಲ ಸೊನ್ನೆಯೇ ಆಗುತ್ತಿತ್ತು.

ಅದು ಸರಿಹೋದ ಮೇಲೆ ಒಟ್ಟು ಚಾರ್ಜ್ ಕೂಡಿಸಿದೆ, ಒಂದೂವರೆ ಬಂತು. ಬಲ ಅಂಚು ಎಡ ಅಂಚಿಗೆ, ಮೇಲಂಚು ಕೆಳಅಂಚಿಗೆ ಅಂಟಿಕೊಂಡಿರುವ ಪೆಟ್ಟಿಗೆಯಲ್ಲಿ, ಅಂದರೆ ಟೋರಸ್ ಮೇಲೆ, ಮೊತ್ತ ಸೊನ್ನೆ ಆಗಲೇಬೇಕು. ಗೋಳದ ಮೇಲಾದರೆ +2. ಇದಕ್ಕೆ ವಿನಾಯಿತಿ ಇಲ್ಲ, ಕಣಗಳು ಎಷ್ಟೇ ಕುಣಿದರೂ ಇಲ್ಲ. ಹುಡುಕಿದರೆ, ಕೊನೆಯ ಕಾಲಮ್ಮನ್ನು ಮೊದಲನೆಯದಕ್ಕೆ ಜೋಡಿಸುವ ಚೌಕಗಳನ್ನೇ ನಾನು ಎಣಿಸಿರಲಿಲ್ಲ. ಅಂದಿನಿಂದ ಈ ಮೊತ್ತವನ್ನು ಪ್ರತಿ ಹೆಜ್ಜೆಯಲ್ಲೂ ಪ್ರಿಂಟ್ ಮಾಡಿಸುತ್ತೇನೆ, ಚಿತ್ರ ನೋಡೋದು ಆಮೇಲೆ.

ನನಗೆ ಜಾಸ್ತಿ ಇಷ್ಟವಾದ ಪರೀಕ್ಷೆ ಇನ್ನೊಂದು. ಕಣಗಳು ದ್ರವವನ್ನು ಎರಡೂ ತುದಿಗೆ ಹೊರಕ್ಕೆ ತಳ್ಳುವಾಗ +1/2 ತನ್ನ ದುಂಡು ತಲೆ ಮುಂದಿಟ್ಟು ಓಡುತ್ತದೆ. -1/2ಕ್ಕೆ ಮೂರೂ ಕಡೆ ಒಂದೇ ರೂಪ, ಹಾಗಾಗಿ ಅದಕ್ಕೆ ತಾನಾಗಿ ಹೋಗೋಕೆ ದಿಕ್ಕೇ ಇಲ್ಲ. ಆಕ್ಟಿವಿಟಿಯ ಚಿಹ್ನೆ ಒಂದನ್ನು ಬದಲಿಸಿ, ಅಂದರೆ ಕಣಗಳು ದ್ರವವನ್ನು ಹೊರಕ್ಕೆ ತಳ್ಳುವ ಬದಲು ಒಳಕ್ಕೆ ಎಳೆಯುವ ಹಾಗೆ ಮಾಡಿ, ಮತ್ತೆ ಓಡಿಸಿದೆ. ಎಲ್ಲ ಧೂಮಕೇತುಗಳೂ ಬಾಲ ಮುಂದು ಮಾಡಿಕೊಂಡು ಹೊರಟವು.