ಡೋಂಟ್, ಡಸಂಟ್, ಅನ್‌ಲೆಸ್: 'ಇಲ್ಲ' ಅನ್ನೋದನ್ನ ನಾನು ಹೇಳಿಕೊಡೋ ರೀತಿ

ದಾವಣಗೆರೆಯಲ್ಲಿ ಸಂಜೆ ಹೊತ್ತು ಮನೆಯಲ್ಲೇ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವರೇ ಜಾಸ್ತಿ. ಡಿಪ್ಲೊಮಾ ಹುಡುಗರು, ನರ್ಸಿಂಗ್ ಹುಡುಗಿಯರು, ಪಿ.ಬಿ. ರೋಡಿನ ಅಂಗಡಿಗಳಲ್ಲಿ ಕೆಲಸ ಮಾಡುವವರು. ಟೆನ್ಸ್ ಎಲ್ಲ ಆಮೇಲೆ, ನಾನು ಮೊದಲು ಹಿಡಿಯುವುದು 'ಇಲ್ಲ'ವನ್ನ. ಸ್ಟಾಕ್ ಇಲ್ಲ, ಸಾರ್ ಬಂದಿಲ್ಲ, ನನಗೆ ಗೊತ್ತಿಲ್ಲ, ಇವತ್ತು ಆಗಲ್ಲ. ಅಂಗಡಿಯಲ್ಲಿ ನಿಂತವರಿಗೆ ಇಷ್ಟು ಬಂದರೆ ಅರ್ಧ ದಿನದ ಮಾತು ಮುಗಿಯಿತು.

ಗ್ರಾಮರ್ ಗೈಡುಗಳು 'ಡೂ ನಾಟ್' ಮೊದಲು ಕಲಿಸಿ, ಅದರ ಶಾರ್ಟ್ ಫಾರ್ಮ್ 'ಡೋಂಟ್' ಅನ್ನುತ್ತವೆ. ನಾನು ಉಲ್ಟಾ ಮಾಡುತ್ತೇನೆ. ನಾವು ಬರೆಯುವಾಗ 'ಬರುವುದಿಲ್ಲ', ಬಾಯಲ್ಲಿ 'ಬರಲ್ಲ', ಅಲ್ವಾ? ಯಾರಾದರೂ ಫೋನಿನಲ್ಲಿ 'ನಾನು ಬರುವುದಿಲ್ಲ' ಅಂತ ಬಿಡಿಸಿ ಹೇಳಿದರೆ ಕೋಪ ಬಂದಿದೆ ಅಂದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲೂ ಹಾಗೇ. ಮಾತಿನ ನಡುವೆ 'ಐ ಡೂ ನಾಟ್ ನೋ' ಅಂದರೆ ಒತ್ತಿ ಹೇಳಿದ ಹಾಗೆ ಕೇಳುತ್ತದೆ. ಹಾಗಾಗಿ ಮೊದಲ ದಿನದಿಂದಲೇ 'ಡೋಂಟ್' ಒಂದೇ ಪದ ಅಂತ ಕಲಿಸುತ್ತೇನೆ.

ಇದು ಸುಮ್ನೆ ನನ್ನ ಅನುಕೂಲಕ್ಕೆ ಹೇಳುತ್ತಿರುವುದಲ್ಲ. 1983ರಲ್ಲಿ ಆರ್ನಲ್ಡ್ ಝ್ವಿಕಿ ಮತ್ತು ಜೆಫ್ರಿ ಪುಲ್ಲಮ್ ಅನ್ನುವ ಭಾಷಾಶಾಸ್ತ್ರಜ್ಞರು ಇದನ್ನೇ ವಾದಿಸಿದರು: ಈ 'ಂಟ್' ಕತ್ತರಿಸಿದ 'ನಾಟ್' ಅಲ್ಲ, ಕ್ರಿಯಾಪದದ್ದೇ ಒಂದು ಪ್ರತ್ಯಯ. ಸುಮ್ಮನೆ ಕತ್ತರಿಸಿದ್ದಾದರೆ 'ವಿಲ್' ಹೋಗಿ 'ವೋಂಟ್' ಹೇಗಾಯಿತು? ಅದು 'ವಿಲ್'ನ ಇನ್ನೊಂದು ಹಳೆಯ ರೂಪದಿಂದ ಉಳಿದುಕೊಂಡದ್ದು. 'ಆಮ್'ಗೆ 'ಆಮಂಟ್' ಯಾಕಿಲ್ಲ? ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಇದೆ, ಪಠ್ಯದ ಇಂಗ್ಲಿಷಿನಲ್ಲಿ ಇಲ್ಲ. ಅದಕ್ಕೇ 'ಐ ಆಮ್ ಲೇಟ್, ಆರಂಟ್ ಐ?' ಅನ್ನುವ ವಿಚಿತ್ರ. ಪ್ರಶ್ನೆ ಕೇಳುವಾಗಲೂ 'ಡೋಂಟ್ ಯೂ ನೋ?' ಅಂತ ಇಡೀ ಪದವೇ ಮುಂದೆ ಬರುತ್ತದೆ. ಬಿಡಿಸಿ ಹೇಳಬೇಕೆಂದರೆ 'ಡೂ ಯೂ ನಾಟ್ ನೋ?' ಆಗುತ್ತದೆ, 'ನಾಟ್' ಹಿಂದೆ ಉಳಿಯುತ್ತದೆ.

ನಮ್ಮವರು ಎಡವುವುದು ಎಲ್ಲಿ ಅಂದರೆ, ಕನ್ನಡದ 'ಇಲ್ಲ' ಯಾವ ಕ್ರಿಯಾಪದಕ್ಕಾದರೂ ಅಂಟುತ್ತದೆ. ತಿನ್ನಲ್ಲ, ಕೊಡಲ್ಲ, ಮಲಗಲ್ಲ. ಇಂಗ್ಲಿಷಿನ 'ಂಟ್' ಹೆಲ್ಪಿಂಗ್ ವರ್ಬಿಗೆ ಮಾತ್ರ ಅಂಟುತ್ತದೆ: ಇಸ್, ಹ್ಯಾವ್, ಕ್ಯಾನ್, ವಿಲ್, ಶುಡ್ ಇಂಥವಕ್ಕೆ. 'ಗೋ', 'ಈಟ್' ಅದನ್ನು ಹತ್ತಿರ ಸೇರಿಸಲ್ಲ. ಅದಕ್ಕೇ 'ಡೂ' ಬರಬೇಕು, ಬಂದಮೇಲೆ ಕಾಲ, ವಚನ ಎಲ್ಲ ಅದರ ತಲೆಗೇ. ಹಿ ಡಸಂಟ್ ಗೋ, ಹಿ ಡಿಡಂಟ್ ಗೋ. 'ಡಸಂಟ್ ಗೋಸ್', 'ಡಿಡಂಟ್ ವೆಂಟ್' ಅನ್ನುವವರಿಗೆ ನಾನು ಕೇಳುವುದು ಒಂದೇ: ನೀವು 'ಬಂದನು ಇಲ್ಲ' ಅಂತೀರಾ? ಇಲ್ಲ, 'ಬರಲಿಲ್ಲ' ಅಂತೀರಿ. ಅಷ್ಟೇ, ಮುಂದಕ್ಕೆ ಹೋಗುತ್ತೇವೆ. 'ಡೋಂಟ್', 'ಡಸಂಟ್' ವ್ಯತ್ಯಾಸ ಮಾತ್ರ ಬೇಗ ಹತ್ತಲ್ಲ, ಯಾಕಂದರೆ ನಮ್ಮಲ್ಲಿ ನಾನು ಬರಲ್ಲ, ಅವಳು ಬರಲ್ಲ, ಅವರು ಬರಲ್ಲ, ಎಲ್ಲರಿಗೂ ಒಂದೇ. ಇದಕ್ಕೆ ಬಾಯಿ ಪಾಠವೇ ಗತಿ, ಬೇರೆ ಉಪಾಯ ನನಗಂತೂ ಸಿಕ್ಕಿಲ್ಲ.

'ಮಸಂಟ್' ವಿಷಯದಲ್ಲಿ ಕನ್ನಡವೇ ಕೈ ಹಿಡಿಯುತ್ತದೆ. 'ಮಾಡಬಾರದು' ಅಂದರೆ ಮಸಂಟ್. 'ಮಾಡಬೇಕಾಗಿಲ್ಲ' ಅಂದರೆ ಡೋಂಟ್ ಹ್ಯಾವ್ ಟು. ನರ್ಸಿಂಗ್ ಹುಡುಗಿಯರಿಗೆ ಇದನ್ನು ಎರಡೆರಡು ಸಲ ಹೇಳಿಸುತ್ತೇನೆ. 'ಈ ಮಾತ್ರೆ ತಗೋಬಾರದು' ಮತ್ತು 'ಈ ಮಾತ್ರೆ ತಗೋಬೇಕಾಗಿಲ್ಲ' ಅದಲುಬದಲಾದರೆ ಏನಾಗಬಹುದು ಅಂತ ಅವರಿಗೇ ಗೊತ್ತು.

ಇನ್ನು ಕಂಜಂಕ್ಷನ್‌ಗಳು. ಅಂಟಿಸುವುದು ಬಂತು, ಸರಿ, ಆದರೆ ಒಂದು ವಾಕ್ಯದಲ್ಲಿ 'ಇಲ್ಲ' ಎಷ್ಟು ಸಲ ಇರಬೇಕು, ಎಲ್ಲಿ ಕೂರಬೇಕು ಅನ್ನುವುದು ಇಲ್ಲೇ ತೀರ್ಮಾನ ಆಗುವುದು. 'ಅನ್‌ಲೆಸ್' ಒಳಗೆ ಆಗಲೇ ಒಂದು 'ಇಲ್ಲ' ಇದೆ. 'ನೀನು ದುಡ್ಡು ಕೊಡದಿದ್ದರೆ ನಾನು ಬರಲ್ಲ' ಅನ್ನುವುದಕ್ಕೆ 'ಐ ವೋಂಟ್ ಕಮ್ ಅನ್‌ಲೆಸ್ ಯೂ ಪೇ'. ಇಲ್ಲಿ 'ಅನ್‌ಲೆಸ್ ಯೂ ಡೋಂಟ್ ಪೇ' ಅಂದರೆ ದುಡ್ಡು ಕೊಟ್ಟರೆ ಬರಲ್ಲ ಅಂದಂತಾಗುತ್ತದೆ! 'ಡೋಂಟ್' ಬೇಕೇ ಬೇಕು ಅನ್ನುವವರು 'ಇಫ್' ಬಳಸಲಿ. 'ನೈದರ್ ... ನಾರ್' ಕಥೆಯೂ ಇದೇ, ಅದರ ಜೊತೆ ಇನ್ನೊಂದು 'ಂಟ್' ಬೇಡ.

'ಟೀನೂ ಕುಡಿಯಲ್ಲ, ಕಾಫಿನೂ ಕುಡಿಯಲ್ಲ' ಇನ್ನೊಂದು ತಲೆನೋವು. ನಮ್ಮ ಕಿವಿಗೆ 'ಊ' ಅಂದರೆ 'ಆಂಡ್'. ಆದರೆ ಇಂಗ್ಲಿಷಿನಲ್ಲಿ 'ಐ ಡೋಂಟ್ ಡ್ರಿಂಕ್ ಟೀ ಆರ್ ಕಾಫಿ'. 'ಆಂಡ್' ಹಾಕಿದರೆ ಎರಡನ್ನೂ ಒಟ್ಟಿಗೆ ಕುಡಿಯಲ್ಲ ಅನ್ನುವ ಅರ್ಥಕ್ಕೂ ಜಾಗ ಸಿಗುತ್ತದೆ. ಕುಡಿದು ಗಾಡಿ ಓಡಿಸಬೇಡಿ ಅನ್ನುವ ಬೋರ್ಡಿನಲ್ಲಿ 'ಡೋಂಟ್ ಡ್ರಿಂಕ್ ಆಂಡ್ ಡ್ರೈವ್' ಅಂತ ಇರುವುದು ಅದಕ್ಕೇ. ಅಲ್ಲಿ ಬೇಡ ಅನ್ನುತ್ತಿರುವುದು ಎರಡೂ ಸೇರುವುದನ್ನ.

'ಬಿಕಾಸ್' ಬಗ್ಗೆ ಒಂದು ಇಡೀ ಸಂಜೆ ಮಾತಾಡಿದರೂ ಸಾಲಲ್ಲ. 'ಐ ಡಿಡಂಟ್ ಲೀವ್ ದ ಜಾಬ್ ಬಿಕಾಸ್ ಆಫ್ ದ ಸ್ಯಾಲರಿ.' ಸಂಬಳ ಚೆನ್ನಾಗಿತ್ತು, ಅದಕ್ಕೇ ಕೆಲಸ ಬಿಡಲಿಲ್ಲ ಅಂತಲೂ ಆಯಿತು, ಕೆಲಸ ಬಿಟ್ಟಿದ್ದು ಸಂಬಳದ ಕಾರಣಕ್ಕಲ್ಲ ಅಂತಲೂ ಆಯಿತು. ಕನ್ನಡದಲ್ಲಿ ಒಂದಕ್ಕೆ 'ಇಲ್ಲ', ಇನ್ನೊಂದಕ್ಕೆ 'ಅಲ್ಲ', ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ 'ಡಿಡಂಟ್', ವ್ಯತ್ಯಾಸ ದನಿಯಲ್ಲಿ ಮಾತ್ರ. ಇಂಟರ್‌ವ್ಯೂಗೆ ಹೋಗುವವರಿಗೆ ನಾನು ವಾಕ್ಯವನ್ನೇ ಒಡೆದು ಬಿಡಿ ಅನ್ನುತ್ತೇನೆ: 'ಐ ಲೆಫ್ಟ್ ದ ಜಾಬ್. ಇಟ್ ವಾಸಂಟ್ ಬಿಕಾಸ್ ಆಫ್ ದ ಸ್ಯಾಲರಿ.'

ಉತ್ತರ ಕೊಡುವಾಗಲೂ ಒಂದು ತಿರುವು ಇದೆ. 'ಡಿಡಂಟ್ ಯೂ ಈಟ್?' ಅಂದರೆ ನಾವು 'ಯೆಸ್' ಅಂದುಬಿಡುತ್ತೇವೆ, ಮನಸ್ಸಿನಲ್ಲಿ 'ಹೌದು, ತಿಂದಿಲ್ಲ' ಅಂತ. ಕೇಳಿದವರು ತಿಂದಿದ್ದಾರೆ ಅಂದುಕೊಂಡು ಹೋಗುತ್ತಾರೆ. ಪ್ರಶ್ನೆ ಹೇಗಿದ್ದರೂ ಇರಲಿ, ತಿಂದಿಲ್ಲ ಅಂದರೆ 'ನೋ, ಐ ಡಿಡಂಟ್', ತಿಂದಿದ್ದರೆ 'ಯೆಸ್, ಐ ಡಿಡ್'. ಬರೀ ಯೆಸ್, ಬರೀ ನೋ ನಮ್ಮ ಕ್ಲಾಸಿನಲ್ಲಿ ನಡೆಯಲ್ಲ.

ಕೊನೆಗೆ 'ಕ್ಯಾನ್', 'ಕಾಂಟ್'. ಅಮೆರಿಕದವರ ಬಾಯಲ್ಲಿ 'ಕ್ಯಾಂಟ್' ಕೊನೆಯ 'ಟ್' ಎಷ್ಟೋ ಸಲ ನುಂಗಿಹೋಗುತ್ತದೆ. ಹಾಗಾದರೆ ಗೊತ್ತಾಗುವುದು ಹೇಗೆ? ವಾಕ್ಯದ ನಡುವಿನ 'ಕ್ಯಾನ್' ಹಗುರವಾಗಿ 'ಕನ್' ಅಂತ ಓಡಿಹೋಗುತ್ತದೆ, 'ಕ್ಯಾಂಟ್' ಒತ್ತಿ ಕೂರುತ್ತದೆ. ನಾವು ಎರಡನ್ನೂ ಒತ್ತಿ ಹೇಳುತ್ತೇವೆ, ಹಾಗಾಗಿ ಫೋನಿನ ಆಚೆ ಇರುವವರಿಗೆ 'ಆಗುತ್ತೆ' ಅಂದದ್ದು 'ಆಗಲ್ಲ' ಅಂತ ಕೇಳಿಸಬಹುದು. ಅನುಮಾನ ಇದ್ದರೆ 'ಕೆನಾಟ್' ಅಂತ ಪೂರ್ತಿ ಹೇಳಿ. ಅರ್ಜಿ, ಆಫೀಸ್ ಪತ್ರ ಬರೆಯುವಾಗಲೂ ಬಿಡಿಸಿಯೇ ಬರೆಯಿರಿ. ವಾಟ್ಸಾಪಿನಲ್ಲಿ ಹೇಗಾದರೂ ಸರಿ.